ಹಳೆ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕುವುದು: ಯಾವುದು ಮೊದಲು, ಯಾವುದು ಆಮೇಲೆ

‘ಎಸ್‌ಎಸ್‌ಡಿ ಹಾಕಿದೆ, ಆನ್ ಮಾಡಿದರೆ ಕಪ್ಪು ಪರದೆ ಬರ್ತಿದೆ’ ಎಂದು ಫೋನ್ ಮಾಡುವವರಲ್ಲಿ ಸ್ಕ್ರೂ ಬಿಚ್ಚುವಾಗ ಎಡವಿದವರು ಬಹಳ ಕಡಿಮೆ. ಎಡವಿರುವುದು ಕೆಲಸದ ಅನುಕ್ರಮದಲ್ಲಿ. ಲ್ಯಾಪ್‌ಟಾಪ್ ಒಳಗೆ ಏನಿದೆ ಎಂದು ನೋಡುವ ಮೊದಲೇ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಜಾಗಕ್ಕೆ ಹಾಕುವ, ತಿರುಗುವ ಭಾಗಗಳಿಲ್ಲದ ವೇಗದ ಡ್ರೈವ್) ಕೊಂಡಿರುತ್ತಾರೆ, ಬ್ಯಾಕಪ್ ತೆಗೆಯದೆ ಕ್ಲೋನ್‌ಗೆ (ಹಳೆ ಡಿಸ್ಕನ್ನು ಇದ್ದ ಹಾಗೇ ಹೊಸದಕ್ಕೆ ನಕಲು ಮಾಡಲು) ಕೂತಿರುತ್ತಾರೆ, ಹೊಸದು ಸರಿಯಾಗಿ ಓಡುತ್ತದೋ ಇಲ್ಲವೋ ಎಂದು ತಿಳಿಯುವ ಮೊದಲೇ ಹಳೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಿರುತ್ತಾರೆ. ಆದ್ದರಿಂದ ಕೆಳಗಿನ ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

2012ರಿಂದ 2018ರೊಳಗೆ ಕೊಂಡ, ಹಾರ್ಡ್ ಡಿಸ್ಕ್ ಇರುವ ವಿಂಡೋಸ್ ಲ್ಯಾಪ್‌ಟಾಪನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಡೆಸ್ಕ್‌ಟಾಪ್‌ಗೆ ವ್ಯತ್ಯಾಸ ಬರುವ ಕಡೆ ಅದನ್ನೂ ಹೇಳಿದ್ದೇನೆ. ಬಿಚ್ಚಿ ಜೋಡಿಸುವ ಕೆಲಸ ಅರ್ಧ ಗಂಟೆಯದು, ಆದರೂ ಒಂದು ರಜಾ ದಿನವನ್ನು ಪೂರ್ತಿ ಇದಕ್ಕೇ ಇಟ್ಟುಕೊಳ್ಳಿ.

ಹಂತ 1: ತೊಂದರೆ ಡಿಸ್ಕ್‌ನದ್ದೇ ಹೌದೋ ಅಲ್ಲವೋ ನೋಡಿ

ಲ್ಯಾಪ್‌ಟಾಪ್ ಆನ್ ಮಾಡಿ, ಡೆಸ್ಕ್‌ಟಾಪ್ ಕಾಣಿಸಿದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಡಿಸ್ಕ್ ಕಾಲಮ್ ಹತ್ತು ನಿಮಿಷವಾದರೂ 100 ಪರ್ಸೆಂಟ್‌ನಿಂದ ಇಳಿಯದೆ, ಸಿಪಿಯು ಮಾತ್ರ 10-15ರಲ್ಲಿ ಆರಾಮಾಗಿದ್ದರೆ ಎಸ್‌ಎಸ್‌ಡಿಯಿಂದ ಖಂಡಿತ ಲಾಭವಿದೆ. ಕಾರಣ ಸರಳ. ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕ್ ಒಂದು ಸುತ್ತಿಗೆ 11 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಮಾಹಿತಿ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಸೂಜಿ ಆ ಜಾಗಕ್ಕೆ ಸರಿಯುವ ಹೊತ್ತು ಬೇರೆ. ವಿಂಡೋಸ್ ಶುರುವಾಗುವಾಗ ಇಂಥ ಸಾವಿರಾರು ಚಿಲ್ಲರೆ ಫೈಲುಗಳನ್ನು ಓದುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ.

ಅಲ್ಲೇ ಮೆಮೊರಿ ಕಾಲಮ್ ಕೂಡ ನೋಡಿ. 4 ಜಿಬಿ ರ್‍ಯಾಮ್ ಇದ್ದು ಅದು ಸದಾ 85-90 ಪರ್ಸೆಂಟ್ ತುಂಬಿರುತ್ತಿದ್ದರೆ, ಎಸ್‌ಎಸ್‌ಡಿ ಜೊತೆಗೇ ಇನ್ನೊಂದು 4 ಜಿಬಿ ಹಾಕಿಸಿ. ಹೇಗೂ ಬಿಚ್ಚುತ್ತೀರಿ.

ಈಗ ಹಳೆ ಡಿಸ್ಕ್‌ನ ಆರೋಗ್ಯ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿ ತೆರೆಯಿರಿ. ನೀಲಿ ಬಣ್ಣದಲ್ಲಿ ‘ಗುಡ್’ ಇದ್ದರೆ ಮುಂದುವರಿಯಬಹುದು. ಹಳದಿ ಬಂದು ‘ಕಾಷನ್’ ಎಂದಿದ್ದರೆ 05, ಸಿ5, ಸಿ6 ಎಂಬ ಮೂರು ಸಾಲುಗಳನ್ನು ನೋಡಿ. ಮೊದಲನೆಯದು ಕೆಟ್ಟುಹೋಗಿ ಬದಲಾಯಿಸಲಾದ ಸೆಕ್ಟರ್‌ಗಳ (ಡಿಸ್ಕ್‌ನ ಚಿಕ್ಕ ತುಣುಕುಗಳ) ಲೆಕ್ಕ, ಎರಡನೆಯದು ಓದಲಾಗದೆ ಬಾಕಿ ನಿಂತವುಗಳದ್ದು, ಮೂರನೆಯದು ಸರಿಪಡಿಸಲಾಗದವುಗಳದ್ದು. ಸಿ5ರಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದರೆ, ಅಥವಾ ಡಿಸ್ಕ್‌ನಿಂದ ಗಡಿಯಾರದಂತೆ ಟಕ್ ಟಕ್ ಸದ್ದು ಕೇಳಿಸುತ್ತಿದ್ದರೆ, ಇವತ್ತೇ ಮುಖ್ಯ ಫೈಲುಗಳನ್ನು ಬೇರೆ ಕಡೆ ನಕಲು ಮಾಡಿಕೊಳ್ಳಿ. ಅಂಥ ಡಿಸ್ಕ್ ಮೇಲೆ ದೋಷ ಹುಡುಕುವ ಚೆಕ್‌ಡಿಸ್ಕ್ ಓಡಿಸಬೇಡಿ, ಚದುರಿದ ಫೈಲುಗಳನ್ನು ಒಟ್ಟುಗೂಡಿಸುವ ಡಿಫ್ರಾಗ್ ಮಾಡಬೇಡಿ. ಸಾಯುತ್ತಿರುವ ಡಿಸ್ಕ್‌ಗೆ ಅದು ಕೊನೆಯ ಹೊಡೆತವಾಗಬಹುದು. ಇಂಥದ್ದನ್ನು ಮಾಮೂಲಿ ಕ್ಲೋನ್ ತಂತ್ರಾಂಶಕ್ಕೂ ಕೊಡಬೇಡಿ, ನಡುವೆ ನಿಂತುಬಿಡುತ್ತದೆ. ಫೈಲುಗಳನ್ನು ಉಳಿಸಿಕೊಂಡು, ಹೊಸ ಎಸ್‌ಎಸ್‌ಡಿಗೆ ವಿಂಡೋಸನ್ನು ಹೊಸದಾಗಿಯೇ ಹಾಕುವುದು ಕ್ಷೇಮ.

ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಹೆಚ್ಚುಕಡಿಮೆ ಇಂಟೆಲ್‌ನ ಎಂಟನೇ ತಲೆಮಾರಿನಿಂದ ಮೇಲಿನ ಪ್ರೊಸೆಸರ್. ನಿಮ್ಮದು ಅದಕ್ಕಿಂತ ಹಳೆಯದಾದರೆ, ಬ್ಯಾಂಕ್ ವ್ಯವಹಾರಕ್ಕೂ ಅದನ್ನೇ ಬಳಸುತ್ತಿದ್ದರೆ, ಎಸ್‌ಎಸ್‌ಡಿ ಹಾಕುವಾಗಲೇ ವಿಂಡೋಸ್ ಬದಲು ಹಾಕಬಹುದಾದ ಉಚಿತ ಲಿನಕ್ಸ್ ಮಿಂಟ್ ಬಗ್ಗೆ ಯೋಚಿಸಿ. ಬರೀ ಬ್ರೌಸರ್ ಮತ್ತು ವಿಡಿಯೊ ನೋಡುವ ಮನೆಗೆ ನಾನು ಅದನ್ನೇ ಹಾಕಿಕೊಡುತ್ತೇನೆ.

ಹಂತ 2: ಯಾವ ಎಸ್‌ಎಸ್‌ಡಿ ಹಿಡಿಸುತ್ತದೆ ಎಂದು ತಿಳಿದ ಮೇಲೆ ಅಂಗಡಿಗೆ ಹೋಗಿ

ದುಡ್ಡು ಹಾಳಾಗುವುದು ಹೆಚ್ಚಾಗಿ ಇಲ್ಲೇ. ಎಸ್‌ಎಸ್‌ಡಿ ಎಂದರೆ ಒಂದೇ ಆಕಾರದ ವಸ್ತುವಲ್ಲ.

ಹಳೆ ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲು ಇರುವುದು 2.5 ಇಂಚಿನ ಸಾಟಾ ಡಿಸ್ಕ್ (ಸಾಟಾ ಎಂದರೆ ಡಿಸ್ಕನ್ನು ಬೋರ್ಡ್‌ಗೆ ಜೋಡಿಸುವ ಒಂದು ಬಗೆ). ಅದರ ಜಾಗಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ನೇರವಾಗಿ ಕೂರುತ್ತದೆ. ಹೊಸ ಎಸ್‌ಎಸ್‌ಡಿಯ ದಪ್ಪ 7 ಮಿಲಿಮೀಟರ್. ಹಳೆ ಡಿಸ್ಕ್ 9.5 ಮಿಲಿಮೀಟರ್ ಇದ್ದು, ಹೊಸದನ್ನು ಕೂರಿಸಿದಾಗ ಅಲ್ಲಾಡಿದರೆ ಸುತ್ತ ಒಂದು ಪ್ಲಾಸ್ಟಿಕ್ ಫ್ರೇಮ್ ಅಂಟಿಸಬೇಕು. ಕೆಲವು ಎಸ್‌ಎಸ್‌ಡಿಗಳ ಡಬ್ಬಿಯಲ್ಲೇ ಅದು ಬರುತ್ತದೆ.

2014-15ರ ನಂತರದ ಲ್ಯಾಪ್‌ಟಾಪ್‌ಗಳಲ್ಲಿ ಎಂ.2 ಎಂಬ ಚಿಕ್ಕ ಸ್ಲಾಟ್ ಕೂಡ ಇರಬಹುದು. ಅದಕ್ಕೆ ಕೂರುವ ಎಸ್‌ಎಸ್‌ಡಿ ಚೂಯಿಂಗ್ ಗಮ್ ಪಟ್ಟಿಯ ಹಾಗಿರುತ್ತದೆ. 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. 2242 ಅದರ ಅರ್ಧದಷ್ಟು ಉದ್ದದ್ದು. ಆಕಾರ ಒಂದೇ ಆದರೂ ಒಳಗೆ ಎರಡು ಜಾತಿ: ಸಾಟಾ ಮತ್ತು ಅದಕ್ಕಿಂತ ಹೊಸ, ವೇಗದ ಎನ್‌ವಿಎಂಇ. ಸಾಟಾ ಮಾತ್ರ ಗೊತ್ತಿರುವ ಸ್ಲಾಟ್‌ಗೆ ಎನ್‌ವಿಎಂಇ ಹಾಕಿದರೆ ಕಾಣಿಸುವುದೇ ಇಲ್ಲ. ಹಳೆ ಬಯಾಸ್‌ಗಳು (ಆನ್ ಮಾಡಿದ ಕೂಡಲೇ, ವಿಂಡೋಸ್‌ಗೂ ಮೊದಲು ಓಡುವ ತಂತ್ರಾಂಶ) ಎನ್‌ವಿಎಂಇಯಿಂದ ಬೂಟ್ ಆಗುವುದೂ, ಅಂದರೆ ಶುರುವಾಗುವುದೂ ಇಲ್ಲ. ಲ್ಯಾಪ್‌ಟಾಪ್ ಬೆನ್ನ ಮೇಲಿನ ಮಾಡೆಲ್ ಸಂಖ್ಯೆ ಹಿಡಿದು, ತಯಾರಕರ ತಾಣದಲ್ಲಿ ಸರ್ವಿಸ್ ಮ್ಯಾನುಯಲ್ ಇಳಿಸಿಕೊಂಡು ಇದನ್ನು ಖಚಿತಪಡಿಸಿಕೊಳ್ಳಿ. ಹಳೆ ಡಿಸ್ಕ್ ಬಿಚ್ಚುವ ವಿಧಾನವೂ ಅದರಲ್ಲೇ ಚಿತ್ರ ಸಮೇತ ಇರುತ್ತದೆ.

32 ಅಥವಾ 64 ಜಿಬಿಯ ಅಗ್ಗದ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಬದಲಿಗಿರುವ ಇಎಂಎಂಸಿ ಮೆಮೊರಿ ಚಿಪ್ ಬೋರ್ಡ್‌ಗೇ ಬೆಸುಗೆಯಾಗಿರುತ್ತದೆ. ಅದನ್ನು ಬದಲಿಸಲು ಬರುವುದಿಲ್ಲ. ಖಾಲಿ ಎಂ.2 ಸ್ಲಾಟ್ ಏನಾದರೂ ಇದ್ದರೆ ಮಾತ್ರ ದಾರಿ.

ಗಾತ್ರದ ವಿಷಯ: ಸಿ ಡ್ರೈವ್‌ನಲ್ಲಿ ಈಗ ಎಷ್ಟು ತುಂಬಿದೆಯೋ ಅದರ ಒಂದೂವರೆ ಪಟ್ಟು ಇರಲಿ. 240 ಜಿಬಿ ಎಂದು ಬರೆದದ್ದು ವಿಂಡೋಸ್‌ನಲ್ಲಿ 223 ಎಂದು ತೋರಿಸುತ್ತದೆ, 500 ಎಂದದ್ದು 465. ಮೋಸವಲ್ಲ, ಎಣಿಸುವ ಕ್ರಮ ಬೇರೆ. ‘ಎಸ್‌ಎಸ್‌ಡಿ ಬೇಗ ಸವೆದುಹೋಗುತ್ತದಂತೆ’ ಎನ್ನುವವರಿಗೆ ಒಂದು ಲೆಕ್ಕ: 240 ಜಿಬಿಯ ಕಿಂಗ್‌ಸ್ಟನ್ ಎ400ಕ್ಕೆ ತಯಾರಕರು ಕೊಟ್ಟಿರುವ ಬರಹದ ಮಿತಿ 80 ಟಿಬಿ. ದಿನಕ್ಕೆ 20 ಜಿಬಿ ಬರೆದರೂ ಅದು 4000 ದಿನ, ಅಂದರೆ ಹತ್ತು ವರ್ಷದ ಮೇಲಾಯಿತು.

ಹೆಸರೇ ಕೇಳಿರದ ಬ್ರ್ಯಾಂಡಿನ 2 ಟಿಬಿ ಎಸ್‌ಎಸ್‌ಡಿ ಪುಡಿಗಾಸಿಗೆ ಸಿಗುತ್ತಿದ್ದರೆ ಮುಟ್ಟಬೇಡಿ. ಇಂಥವುಗಳಲ್ಲಿ ಒಳಗಿರುವುದು ಚಿಕ್ಕ ಮೆಮೊರಿ, ತೋರಿಸುವುದು ಮಾತ್ರ 2 ಟಿಬಿ. ತುಂಬಿದ ಮೇಲೆ ಹಳೆಯ ಫೈಲುಗಳ ಮೇಲೇ ಬರೆಯುತ್ತ ಹೋಗುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ಕೊಂಡರೂ ಜಿಎಸ್‌ಟಿ ಬಿಲ್ ತೆಗೆದುಕೊಳ್ಳಿ, ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ವಾರಂಟಿ ಕೇಳಲು ಹೋದಾಗ ಅದೇ ಆಧಾರ.

ಹಂತ 3: ಸಾಮಾನು ಮೇಜಿನ ಮೇಲಿರಲಿ

ಸಣ್ಣ ಸ್ಟಾರ್ ಸ್ಕ್ರೂಡ್ರೈವರ್ ಒಂದು. ತುದಿ ಸವೆದದ್ದು ಬೇಡವೇ ಬೇಡ, ಸ್ಕ್ರೂ ತಲೆ ನುಣ್ಣಗಾಗಿಬಿಟ್ಟರೆ ಆ ದಿನದ ಕೆಲಸ ಮುಗಿದಂತೆ. ಕವಚ ಬಿಡಿಸಲು ಗಿಟಾರ್ ಪಿಕ್ ಅಥವಾ ಹಳೆ ಎಟಿಎಂ ಕಾರ್ಡ್. ಸಾಟಾದಿಂದ ಯುಎಸ್‌ಬಿಗೆ ಜೋಡಿಸುವ ಕೇಬಲ್ ಅಥವಾ ಕೇಸ್, ಯುಎಸ್‌ಬಿ 3 ಇರುವಂಥದ್ದು. 8 ಜಿಬಿ ಅಥವಾ ಹೆಚ್ಚಿನ ಒಂದು ಪೆನ್‌ಡ್ರೈವ್. ಬ್ಯಾಕಪ್‌ಗೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್.

ಡೆಸ್ಕ್‌ಟಾಪ್ ಆದರೆ ಸಾಟಾ ಡೇಟಾ ಕೇಬಲ್ ಬೇರೆಯಾಗಿ ಕೊಳ್ಳಬೇಕು, ಎಸ್‌ಎಸ್‌ಡಿ ಡಬ್ಬಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ವಿದ್ಯುತ್ ಕೊಡುವ ಡಬ್ಬಿಯಾದ ಎಸ್‌ಎಂಪಿಎಸ್‌ನಲ್ಲಿ ಸಾಟಾ ಪವರ್ ವೈರ್ ಖಾಲಿ ಇದೆಯೇ ಎಂದೂ ನೋಡಿಕೊಳ್ಳಿ.

ಹಂತ 4: ಬ್ಯಾಕಪ್, ಮತ್ತು ಬ್ಯಾಕಪ್‌ನಲ್ಲಿ ಎಲ್ಲರೂ ಮರೆಯುವ ಸಂಗತಿಗಳು

ಕ್ಲೋನ್ ಮಾಡುತ್ತೇವಲ್ಲ, ಬ್ಯಾಕಪ್ ಯಾಕೆ ಎಂದು ಕೇಳುತ್ತಾರೆ. ಕ್ಲೋನ್ ಮಾಡುವಾಗ ಒಂದು ಕ್ಲಿಕ್ ತಪ್ಪಿದರೆ ತುಂಬಿದ ಡಿಸ್ಕ್ ಖಾಲಿಯಾಗುತ್ತದೆ, ಅದಕ್ಕೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಫೋಲ್ಡರ್‌ಗಳನ್ನು ಎಕ್ಸ್‌ಟರ್ನಲ್ ಡಿಸ್ಕ್‌ಗೆ ನಕಲು ಮಾಡಿ, ಅಲ್ಲಿಂದ ನಾಲ್ಕೈದು ಫೈಲ್ ತೆರೆದು ನೋಡಿ.

ನಮ್ಮ ಕಡೆಯ ಕಂಪ್ಯೂಟರ್‌ಗಳಲ್ಲಿ ಬಿಟ್ಟುಹೋಗುವವು ಬೇರೆಯೇ. ನುಡಿ ಅಥವಾ ಬರಹ ತಂತ್ರಾಂಶದ ಹಳೆ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ ಕಡತಗಳು ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಡಿಟಿಪಿ ಮಾಡುವ ಪರಿಚಿತರೊಬ್ಬರು ಹೊಸ ವಿಂಡೋಸ್ ಹಾಕಿಸಿಕೊಂಡ ಮೇಲೆ ಹತ್ತು ವರ್ಷದ ಲಗ್ನಪತ್ರಿಕೆಗಳೆಲ್ಲ ‘ಕರಪ್ಟ್’ ಆಗಿವೆ ಎಂದು ಕಂಗಾಲಾಗಿದ್ದರು. ಫೈಲುಗಳಿಗೆ ಏನೂ ಆಗಿರಲಿಲ್ಲ, ಫಾಂಟ್ ಹೋಗಿತ್ತು ಅಷ್ಟೆ. ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ನಿಮ್ಮ ಕನ್ನಡ ಫಾಂಟ್‌ಗಳನ್ನೆಲ್ಲ ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ.

ಲೆಕ್ಕಪತ್ರದ ಟ್ಯಾಲಿ ತಂತ್ರಾಂಶ ಬಳಸುವ ಅಂಗಡಿಯಾದರೆ ಡೇಟಾ ಫೋಲ್ಡರ್ ಬಹುತೇಕ ಸಿ ಡ್ರೈವ್‌ನಲ್ಲೇ ಇರುತ್ತದೆ, ಡಾಕ್ಯುಮೆಂಟ್ಸ್‌ನಲ್ಲಿ ಅಲ್ಲ. ಅದನ್ನು ಹುಡುಕಿ ನಕಲು ಮಾಡಿ. ಹೊಸ ವಿಂಡೋಸ್ ಹಾಕುವವರು ಟ್ಯಾಲಿ ಲೈಸೆನ್ಸನ್ನು ಮೊದಲೇ ಸರೆಂಡರ್ ಮಾಡಿ, ಆಮೇಲೆ ಮತ್ತೆ ಆ್ಯಕ್ಟಿವೇಟ್ ಮಾಡಿಕೊಳ್ಳಿ. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು, ಔಟ್‌ಲುಕ್‌ನ ಮೇಲ್ ಫೈಲ್ ಇವನ್ನೂ ಮರೆಯಬೇಡಿ.

ಕೊನೆಯದು ಬಿಟ್‌ಲಾಕರ್, ಡಿಸ್ಕ್‌ನಲ್ಲಿರುವ ಮಾಹಿತಿಗೆ ಬೀಗ ಹಾಕಿಡುವ ವಿಂಡೋಸ್ ಸೌಲಭ್ಯ. ಸೆಟ್ಟಿಂಗ್ಸ್‌ನಲ್ಲಿ ‘ಡಿವೈಸ್ ಎನ್‌ಕ್ರಿಪ್ಶನ್’ ಅಥವಾ ‘ಬಿಟ್‌ಲಾಕರ್’ ಎಂದು ಹುಡುಕಿ. ಆನ್ ಆಗಿದ್ದರೆ 48 ಅಂಕಿಗಳ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದುಕೊಂಡು, ಕ್ಲೋನ್‌ಗೆ ಮುಂಚೆ ಅದನ್ನು ಆಫ್ ಮಾಡಿ. ಬೀಗ ಪೂರ್ತಿ ತೆರೆಯಲು ಹಾರ್ಡ್ ಡಿಸ್ಕ್‌ನಲ್ಲಿ ಗಂಟೆಗಟ್ಟಲೆ ಹಿಡಿಯುತ್ತದೆ. ಹಿಂದಿನ ರಾತ್ರಿಯೇ ಶುರು ಮಾಡಿಡಿ.

ಹಂತ 5: ಕ್ಲೋನ್ ಮಾಡುವುದೋ, ಹೊಸ ವಿಂಡೋಸ್ ಹಾಕುವುದೋ

ಇರುವ ವಿಂಡೋಸ್ ಚೆನ್ನಾಗಿದ್ದು, ಮತ್ತೆ ಹಾಕಲು ಕಷ್ಟವಾಗುವ ತಂತ್ರಾಂಶಗಳಿದ್ದರೆ ಕ್ಲೋನ್. ವೈರಸ್ ಬಂದಿದೆ, ನೀಲಿ ಪರದೆ ಬರುತ್ತಿದೆ, ಡಿಸ್ಕ್ ಹಾಳಾಗುತ್ತಿದೆ ಎಂದಾದರೆ ಹೊಸದು. ಕ್ಲೋನ್ ಎಂದರೆ ಪಡಿಯಚ್ಚು. ಇದ್ದ ಕಾಯಿಲೆಗಳೂ ಜೊತೆಗೇ ಬರುತ್ತವೆ.

ಹೊಸದು ಹಾಕುವವರು ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್‌ನಿಂದ ಪೆನ್‌ಡ್ರೈವ್ ಸಿದ್ಧ ಮಾಡಿಕೊಂಡು ಹಂತ 7ಕ್ಕೆ ಹೋಗಿ. ವಿಂಡೋಸ್ ಹಾಕುವಾಗ ಎಸ್‌ಎಸ್‌ಡಿ ಒಂದೇ ಒಳಗಿರಲಿ. ಎರಡೂ ಡಿಸ್ಕ್ ಇದ್ದರೆ ಬೂಟ್ ಫೈಲುಗಳು ಹಳೆ ಡಿಸ್ಕ್‌ನಲ್ಲೇ ಉಳಿದುಬಿಡಬಹುದು. ಆಮೇಲೆ ಹಳೆಯದನ್ನು ತೆಗೆದ ದಿನ ಕಂಪ್ಯೂಟರ್ ಏಳುವುದಿಲ್ಲ.

ಹಂತ 6: ಕ್ಲೋನ್

ಸ್ಯಾಮ್ಸಂಗ್ ತನ್ನ ಎಸ್‌ಎಸ್‌ಡಿಗಳಿಗೆ ತನ್ನದೇ ಕ್ಲೋನ್ ತಂತ್ರಾಂಶ ಕೊಡುತ್ತದೆ. ಕಿಂಗ್‌ಸ್ಟನ್, ಕ್ರೂಷಿಯಲ್‌ನಂಥವರು ಅಕ್ರೋನಿಸ್‌ನ ಆವೃತ್ತಿಯನ್ನು ಕೊಡುತ್ತ ಬಂದಿದ್ದಾರೆ. ಕ್ಲೋನ್‌ಜಿಲ್ಲಾ ಉಚಿತ ಮತ್ತು ಗಟ್ಟಿ, ಆದರೆ ದೊಡ್ಡ ಡಿಸ್ಕ್‌ನಿಂದ ಚಿಕ್ಕದಕ್ಕೆ ಹೋಗುವಾಗ ಅದು ಪಾರ್ಟಿಶನ್ (ಡಿಸ್ಕ್‌ನೊಳಗಿನ ಭಾಗ) ತಾನಾಗಿ ಕುಗ್ಗಿಸುವುದಿಲ್ಲ. ಮೊದಲ ಸಲದವರಿಗೆ ತಯಾರಕರ ತಂತ್ರಾಂಶವೇ ಸುಲಭ.

ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಬಲ್‌ಗೆ ಸಿಕ್ಕಿಸಿ, ಒಳಗೆ ನೀಲಿ ಬಣ್ಣ ಇರುವ ಯುಎಸ್‌ಬಿ 3 ಪೋರ್ಟ್‌ಗೆ ಹಾಕಿ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದಾಗ ‘ಇನಿಶಿಯಲೈಸ್’ ಎಂದು ಕೇಳಿದರೆ, ಹಳೆ ಡಿಸ್ಕ್ ಯಾವ ಬಗೆಯೋ ಅದನ್ನೇ ಆರಿಸಿ, ಜಿಪಿಟಿ ಅಥವಾ ಎಂಬಿಆರ್ (ಡಿಸ್ಕ್‌ನ ಭಾಗಗಳ ಪಟ್ಟಿ ಇಡುವ ಎರಡು ಕ್ರಮಗಳು). ಹಳೆಯದರ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ವಾಲ್ಯೂಮ್ಸ್ ನೋಡಿದರೆ ಅದು ತಿಳಿಯುತ್ತದೆ. ಎಂಬಿಆರ್ ಎಂದಿದ್ದರೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಹಂತ 8ರಲ್ಲಿ ಬೇಕಾಗುತ್ತದೆ.

ಈಗ ಸೋರ್ಸ್ ಮತ್ತು ಟಾರ್ಗೆಟ್. ಸೋರ್ಸ್ ಎಂದರೆ ತುಂಬಿರುವ ಹಳೆಯದು, ಟಾರ್ಗೆಟ್ ಎಂದರೆ ಖಾಲಿ ಇರುವ ಹೊಸದು. ಗಾತ್ರ ನೋಡಿ ಆರಿಸಬೇಡಿ. ಒಮ್ಮೆ ನಾನು ಸಂಬಂಧಿಕರೊಬ್ಬರ ಲ್ಯಾಪ್‌ಟಾಪ್‌ನಲ್ಲಿ 500 ಜಿಬಿಯಿಂದ 500 ಜಿಬಿಗೆ ಕ್ಲೋನ್ ಮಾಡುವಾಗ ಎರಡೂ 465 ಎಂದೇ ತೋರಿಸುತ್ತಿದ್ದವು. ನಾನು ಮೇಲಿನದನ್ನು ಸೋರ್ಸ್ ಎಂದುಕೊಂಡೆ. ಎರಡೇ ಸೆಕೆಂಡಿನಲ್ಲಿ ಪಾರ್ಟಿಶನ್‌ಗಳು ಮಾಯವಾದವು. ಹಿಂದಿನ ದಿನ ಬ್ಯಾಕಪ್ ತೆಗೆದಿದ್ದರಿಂದ ಅವರ ಮಗಳ ನಾಮಕರಣದ ಫೋಟೊಗಳು ಉಳಿದವು. ಅಂದಿನಿಂದ ಎಸ್‌ಎಸ್‌ಡಿ ಮೇಲಿನ ಚೀಟಿಯಲ್ಲಿರುವ ಮಾಡೆಲ್ ಸಂಖ್ಯೆಯನ್ನು ಕೈಯಲ್ಲಿ ಹಿಡಿದು, ಪರದೆ ಮೇಲಿನದರ ಜೊತೆ ಅಕ್ಷರ ಅಕ್ಷರ ಹೋಲಿಸಿದ ಮೇಲೆಯೇ ‘ಸ್ಟಾರ್ಟ್’ ಒತ್ತುತ್ತೇನೆ. ನೀವೂ ಹಾಗೇ ಮಾಡಿ.

ಸಿ ಡ್ರೈವ್ ಒಂದನ್ನೇ ಆರಿಸಬೇಡಿ, ಇಡೀ ಡಿಸ್ಕ್ ಆರಿಸಿ. ಮುಂದೆ ಹಿಂದೆ ಇರುವ ಚಿಕ್ಕ ಚಿಕ್ಕ ಪಾರ್ಟಿಶನ್‌ಗಳಲ್ಲೇ ಬೂಟ್ ಮಾಹಿತಿ ಇರುವುದು. 200 ಜಿಬಿ ಮಾಹಿತಿಗೆ ಯುಎಸ್‌ಬಿ 3ರಲ್ಲಿ ಮುಕ್ಕಾಲು ಗಂಟೆ, ಯುಎಸ್‌ಬಿ 2ರಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಕಂಪ್ಯೂಟರ್ ಬಳಸಬೇಡಿ, ಸ್ಲೀಪ್ ಆಫ್ ಮಾಡಿಡಿ. ಹಳೆ ಲ್ಯಾಪ್‌ಟಾಪ್‌ನ ಬ್ಯಾಟರಿ ಹತ್ತು ನಿಮಿಷವೂ ಬರುವುದಿಲ್ಲವಾದ್ದರಿಂದ, ಕರೆಂಟ್ ಹೋಗುವ ಹೊತ್ತು ಬಿಟ್ಟು ಶುರು ಮಾಡಿ ಅಥವಾ ಯುಪಿಎಸ್‌ಗೆ ಸಿಕ್ಕಿಸಿ. ನಡುವೆ ಕರೆಂಟ್ ಹೋದರೆ ಹಳೆ ಡಿಸ್ಕ್‌ಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಕ್ಲೋನ್ ಮೊದಲಿನಿಂದ ಮಾಡಬೇಕು.

ಹಂತ 7: ಬಿಚ್ಚುವುದು, ಕೂರಿಸುವುದು

ಶಿಫ್ಟ್ ಕೀ ಹಿಡಿದುಕೊಂಡು ಶಟ್‌ಡೌನ್ ಒತ್ತಿ. ಮಾಮೂಲಿ ಶಟ್‌ಡೌನ್‌ನಲ್ಲಿ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಚಾರ್ಜರ್ ತೆಗೆಯಿರಿ, ಬ್ಯಾಟರಿ ತೆಗೆಯಿರಿ. ಬ್ಯಾಟರಿ ಒಳಗಿದ್ದರೆ ಕವಚ ತೆಗೆದ ಕೂಡಲೇ ಮೊದಲು ಅದರ ಕನೆಕ್ಟರ್ ಬಿಡಿಸಿ. ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡಿದು ಉಳಿದ ವಿದ್ಯುತ್ ಹೋಗಲು ಬಿಡಿ. ನಲ್ಲಿ ಅಥವಾ ಕಿಟಕಿ ಸರಳಿನಂಥ ಬರಿಯ ಲೋಹ ಮುಟ್ಟಿ ಮೈಯಲ್ಲಿನ ಸ್ಥಾಯಿ ವಿದ್ಯುತ್ ಕಳೆದುಕೊಳ್ಳಿ. ಜಮಖಾನದ ಮೇಲೆ ಕೂತು ಈ ಕೆಲಸ ಬೇಡ.

ಥಿಂಕ್‌ಪ್ಯಾಡ್ ಟಿ430ಯಂಥವುಗಳಲ್ಲಿ ತಳದ ಒಂದೇ ಸ್ಕ್ರೂ ಬಿಚ್ಚಿದರೆ ಪಕ್ಕದಿಂದ ಡಿಸ್ಕ್ ಎಳೆದು ತೆಗೆಯಬಹುದು. ಕೆಲವದರಲ್ಲಿ ಇಡೀ ತಳ ಬಿಚ್ಚಬೇಕು. ಬಿಚ್ಚುವ ಮೊದಲು ತಳದ ಫೋಟೊ ತೆಗೆದುಕೊಳ್ಳಿ. ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ. ಕಾಗದದ ಮೇಲೆ ಲ್ಯಾಪ್‌ಟಾಪ್ ಚಿತ್ರ ಬರೆದು, ಆಯಾ ಜಾಗದಲ್ಲೇ ಸ್ಕ್ರೂ ಚುಚ್ಚಿಡಿ. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದನ್ನು ತಿರುಗಿಸಿದರೆ ಕೀಬೋರ್ಡ್ ಕಡೆ ತೂತಾಗುತ್ತದೆ, ಬೋರ್ಡಿಗೂ ತಾಗಬಹುದು. ಕವಚ ಬರುತ್ತಿಲ್ಲ ಎಂದರೆ ಎಲ್ಲೋ ಒಂದು ಸ್ಕ್ರೂ ಉಳಿದಿದೆ ಎಂದು ಅರ್ಥ. ರಬ್ಬರ್ ಕಾಲಿನ ಕೆಳಗೆ, ಡಿವಿಡಿ ಡ್ರೈವ್ ಪಕ್ಕ ಹುಡುಕಿ. ಬಲ ಹಾಕಬೇಡಿ.

ಹಳೆ ಡಿಸ್ಕನ್ನು ಕನೆಕ್ಟರ್‌ಗೆ ನೇರವಾಗಿ ಹಿಂದಕ್ಕೆ ಸರಿಸಿ ತೆಗೆಯಿರಿ. ಎತ್ತಬೇಡಿ. ಡಿಸ್ಕ್‌ಗೂ ಬೋರ್ಡ್‌ಗೂ ನಡುವೆ ರಿಬ್ಬನ್‌ನಂಥ ತೆಳು ಕೇಬಲ್ ಇದ್ದರೆ ಅದನ್ನು ಮಡಿಸಬಾರದು. ಲೋಹದ ಚೌಕಟ್ಟಿನ ನಾಲ್ಕು ಸ್ಕ್ರೂ ಬಿಚ್ಚಿ ಎಸ್‌ಎಸ್‌ಡಿಗೆ ಅದೇ ಚೌಕಟ್ಟು ಹಾಕಿ, ಎಲ್ ಆಕಾರದ ಸಾಟಾ ಕನೆಕ್ಟರ್ ಹೊಂದಿಸಿ ಮೆಲ್ಲಗೆ ತಳ್ಳಿ. ಅದರೊಳಗಿನ ಪ್ಲಾಸ್ಟಿಕ್ ನಾಲಿಗೆ ಮುರಿದರೆ ಎಸ್‌ಎಸ್‌ಡಿ ಕೆಲಸಕ್ಕೆ ಬಾರದು. ಎಂ.2 ಆದರೆ ಸುಮಾರು 30 ಡಿಗ್ರಿ ಓರೆಯಾಗಿ ಸಿಕ್ಕಿಸಿ, ಕೆಳಗೆ ಒತ್ತಿ ಸ್ಕ್ರೂ ಹಾಕಿ.

ಡಿವಿಡಿ ಡ್ರೈವ್ ತೆಗೆದು ಅಲ್ಲಿ ಕ್ಯಾಡಿ (ಇನ್ನೊಂದು ಡಿಸ್ಕ್ ಕೂರಿಸುವ ಚೌಕಟ್ಟು) ಹಾಕುವವರು ಹಳೆ ಹಾರ್ಡ್ ಡಿಸ್ಕನ್ನು ಕ್ಯಾಡಿಗೆ ಹಾಕಿ, ಎಸ್‌ಎಸ್‌ಡಿಯನ್ನು ಮುಖ್ಯ ಜಾಗದಲ್ಲಿಡಿ. ಡಿವಿಡಿ ಜಾಗದ ಸಾಟಾ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ನಿಧಾನದ್ದು. ಆದರೆ ಕ್ಯಾಡಿ ಇವತ್ತೇ ಬೇಡ, ಮೊದಲ ಬೂಟ್ ಆಗಲಿ.

ಹಂತ 8: ಮೊದಲ ಬೂಟ್

ಎಸ್‌ಎಸ್‌ಡಿ ಒಂದೇ ಇಟ್ಟುಕೊಂಡು ಆನ್ ಮಾಡಿ. ಹೊಸ ವಿಂಡೋಸ್ ಹಾಕುವವರು ಸಿದ್ಧ ಮಾಡಿಟ್ಟ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಕ್ಲೋನ್ ಆದ ಎರಡು ಡಿಸ್ಕ್‌ಗಳ ಗುರುತು ಒಂದೇ ಇರುವುದರಿಂದ ಎರಡನ್ನೂ ಒಟ್ಟಿಗೆ ಕಂಡರೆ ವಿಂಡೋಸ್ ಗೊಂದಲಕ್ಕೆ ಬೀಳುತ್ತದೆ.

‘ನೋ ಬೂಟಬಲ್ ಡಿವೈಸ್’ ಎಂದು ಬಂದರೆ ಗಾಬರಿ ಬೇಡ, ಬಯಾಸ್‌ಗೆ ಹೋಗಿ. ಡೆಲ್, ಏಸರ್, ಆಸುಸ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಥಿಂಕ್‌ಪ್ಯಾಡ್‌ನಲ್ಲಿ ಎಫ್1 ಸಾಮಾನ್ಯ. ಎಸ್‌ಎಸ್‌ಡಿಯ ಹೆಸರೇ ಅಲ್ಲಿ ಇಲ್ಲದಿದ್ದರೆ ಕನೆಕ್ಟರ್ ಸರಿಯಾಗಿ ಕೂತಿಲ್ಲ, ಮತ್ತೆ ತೆಗೆದು ಹಾಕಿ. ಹೆಸರಿದ್ದೂ ಬೂಟ್ ಆಗದಿದ್ದರೆ ಚೀಟಿ ನೋಡಿ: ಹಳೆ ಡಿಸ್ಕ್ ಎಂಬಿಆರ್ ಆಗಿದ್ದರೆ ಬೂಟ್ ಮೋಡ್ ಲೆಗಸಿ (ಹಳೆ ವಿಧಾನ) ಇರಬೇಕು, ಜಿಪಿಟಿ ಆಗಿದ್ದರೆ ಯುಇಎಫ್‌ಐ (ಹೊಸ ವಿಧಾನ) ಇದ್ದು ‘ವಿಂಡೋಸ್ ಬೂಟ್ ಮ್ಯಾನೇಜರ್’ ಮೊದಲಿರಬೇಕು. ಆಗಲೂ ಆಗದಿದ್ದರೆ ವಿಂಡೋಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ‘ಸ್ಟಾರ್ಟಪ್ ರಿಪೇರ್’ ಓಡಿಸಿ.

ಬಯಾಸ್‌ನಲ್ಲಿ ಸಾಟಾ ಮೋಡ್ (ಕಂಪ್ಯೂಟರ್ ಡಿಸ್ಕ್ ಜೊತೆ ಮಾತಾಡುವ ಕ್ರಮ) ಎಂಬುದನ್ನು ಕಂಡು, ಅದರಲ್ಲಿರುವ ಎಎಚ್‌ಸಿಐ ಒಳ್ಳೆಯದಂತೆ ಎಂದು ಕೂಡಲೇ ಬದಲಿಸುವವರಿದ್ದಾರೆ. ಕ್ಲೋನ್ ಮಾಡಿದ್ದರೆ ಅದನ್ನು ಮುಟ್ಟಬೇಡಿ, ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ ಬರುತ್ತದೆ. ಬದಲಿಸಲೇಬೇಕಾದರೆ ಮೊದಲು ವಿಂಡೋಸ್‌ನಲ್ಲಿ ಸೇಫ್ ಬೂಟ್ ಆರಿಸಿ, ರೀಸ್ಟಾರ್ಟ್ ಆಗುವಾಗ ಬಯಾಸ್‌ನಲ್ಲಿ ಬದಲಿಸಿ, ಒಮ್ಮೆ ಸೇಫ್ ಮೋಡ್‌ನಲ್ಲಿ ಏಳಿಸಿ, ಆಮೇಲೆ ಮಾಮೂಲಿಗೆ ಮರಳಿ. ಹೊಸದಾಗಿ ವಿಂಡೋಸ್ ಹಾಕುವವರು ಮೊದಲೇ ಎಎಚ್‌ಸಿಐ ಇಟ್ಟುಕೊಳ್ಳಬಹುದು.

ಹಂತ 9: ಮೊದಲ ವಾರ ಗಮನಿಸಬೇಕಾದ್ದು

‘ಡಿಫ್ರಾಗ್‌ಮೆಂಟ್ ಅಂಡ್ ಆಪ್ಟಿಮೈಸ್ ಡ್ರೈವ್ಸ್’ ತೆರೆದರೆ ಸಿ ಡ್ರೈವ್ ಎದುರು ‘ಸಾಲಿಡ್ ಸ್ಟೇಟ್ ಡ್ರೈವ್’ ಎಂದಿರಬೇಕು. ಹಾಗಿದ್ದರೆ ಅಳಿಸಿದ ಫೈಲುಗಳ ಜಾಗ ಯಾವುದೆಂದು ಎಸ್‌ಎಸ್‌ಡಿಗೆ ತಿಳಿಸುವ ಟ್ರಿಮ್ ಕೆಲಸವನ್ನು ವಿಂಡೋಸ್ ತಾನೇ ನೋಡಿಕೊಳ್ಳುತ್ತದೆ. ಬೇರೆ ಕಂಪನಿಯ ಡಿಫ್ರಾಗ್ ತಂತ್ರಾಂಶವಿದ್ದರೆ ತೆಗೆದುಹಾಕಿ. ದೊಡ್ಡ ಎಸ್‌ಎಸ್‌ಡಿ ಹಾಕಿದ್ದರೆ ಕೊನೆಯಲ್ಲಿ ಖಾಲಿ ಜಾಗ ಉಳಿದಿರಬಹುದು, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವನ್ನು ‘ಎಕ್ಸ್‌ಟೆಂಡ್’ ಮಾಡಿ. ಡ್ರೈವ್ ಪೂರ್ತಿ ತುಂಬಿಸಬೇಡಿ. ಹತ್ತರಲ್ಲಿ ಒಂದು ಪಾಲಾದರೂ ಖಾಲಿ ಇರಲಿ, ಇಲ್ಲದಿದ್ದರೆ ಬರೆಯುವ ವೇಗ ಬಿದ್ದುಹೋಗುತ್ತದೆ.

ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಮತ್ತೆ ತೆರೆದು ಸಿ7 ಎಂಬ ಸಾಲು (ಮಾಹಿತಿ ಸಾಗುವಾಗ ಆದ ತಪ್ಪುಗಳ ಲೆಕ್ಕ) ಇದ್ದರೆ ಅದರ ಅಂಕಿ ಬರೆದಿಡಿ. ಎರಡು ದಿನ ಬಿಟ್ಟು ನೋಡಿದಾಗ ಅದು ಏರಿದ್ದರೆ ದೋಷ ಎಸ್‌ಎಸ್‌ಡಿಯದ್ದಲ್ಲ, ಕೇಬಲ್ ಅಥವಾ ಕನೆಕ್ಟರ್‌ನದ್ದು. ಕೆಲಸ ಮಾಡುತ್ತಿರುವಾಗ ಮೌಸ್ ಮಾತ್ರ ಓಡಾಡಿ ಉಳಿದದ್ದೆಲ್ಲ ಅರ್ಧ ನಿಮಿಷ ನಿಂತುಬಿಡುವುದು ಇದೇ ದೋಷದ ಲಕ್ಷಣವಾಗಿರಬಹುದು. ಎಸ್‌ಎಸ್‌ಡಿ ಒಮ್ಮೆ ಕಾಣಿಸಿ ಒಮ್ಮೆ ಮಾಯವಾಗುತ್ತಿದ್ದರೆ ಕನೆಕ್ಟರ್ ಇನ್ನೊಮ್ಮೆ ನೋಡಿ, ತಯಾರಕರ ತಂತ್ರಾಂಶದಿಂದ ಫರ್ಮ್‌ವೇರ್ (ಎಸ್‌ಎಸ್‌ಡಿಯನ್ನು ಒಳಗಿನಿಂದ ನಡೆಸುವ ತಂತ್ರಾಂಶ) ಅಪ್‌ಡೇಟ್ ಮಾಡಿ. ಆದರೂ ಮುಂದುವರಿದರೆ ಬಿಲ್ ಹಿಡಿದು ವಾರಂಟಿಗೆ ಹೋಗಿ, ತಡ ಮಾಡಬೇಡಿ. ಹಾರ್ಡ್ ಡಿಸ್ಕ್ ಸಾಯುವ ಮೊದಲು ಹೆಚ್ಚಾಗಿ ಸದ್ದು ಮಾಡಿ ಹೇಳುತ್ತದೆ. ಎಸ್‌ಎಸ್‌ಡಿ ಸದ್ದಿಲ್ಲದೆ ಹೋಗುತ್ತದೆ, ಆಗ ಮಾಹಿತಿ ಹೊರತೆಗೆಯುವುದೂ ಬಲು ಕಷ್ಟ. ವಾರಕ್ಕೊಮ್ಮೆ ಬ್ಯಾಕಪ್ ತೆಗೆಯುವ ಅಭ್ಯಾಸ ಇವತ್ತಿನಿಂದಲೇ ಶುರುವಾಗಲಿ.

ಹಂತ 10: ಹಳೆ ಡಿಸ್ಕ್

ಬದಲಿಸಿದ ತಾರೀಕು ಬರೆದ ಚೀಟಿ ಅಂಟಿಸಿ, ಒಂದು ತಿಂಗಳು ಬೀರುವಿನಲ್ಲಿಡಿ. ಜಿಎಸ್‌ಟಿ ರಿಟರ್ನ್ಸ್ ಕಟ್ಟುವ ದಿನ, ಪ್ರಿಂಟರ್ ಬಳಸುವ ದಿನ, ಡಿಜಿಟಲ್ ಸಹಿ ಹಾಕುವ ದಿನ, ಹೀಗೆ ತಿಂಗಳಿಗೊಮ್ಮೆ ಮಾತ್ರ ಬೇಕಾಗುವ ಕೆಲಸಗಳೆಲ್ಲ ಹೊಸ ಎಸ್‌ಎಸ್‌ಡಿಯಲ್ಲಿ ಒಂದು ಸುತ್ತು ಆಗಲಿ. ಏನಾದರೂ ಸಿಗಲಿಲ್ಲವೆಂದರೆ ಯುಎಸ್‌ಬಿ ಕೇಬಲ್‌ಗೆ ಹಳೆ ಡಿಸ್ಕ್ ಸಿಕ್ಕಿಸಿ ತೆಗೆದುಕೊಳ್ಳಬಹುದು.

ತಿಂಗಳು ಕಳೆದ ಮೇಲೆ, ಅದರ ಆರೋಗ್ಯ ಚೆನ್ನಾಗಿದ್ದರೆ ಯುಎಸ್‌ಬಿ ಕೇಸ್‌ನೊಳಗೆ ಹಾಕಿ ಬ್ಯಾಕಪ್ ಡಿಸ್ಕ್ ಮಾಡಿಕೊಳ್ಳಿ. ಮಾರುವುದಾದರೆ ಅಥವಾ ಗುಜರಿಗೆ ಕೊಡುವುದಾದರೆ, ಫಾರ್ಮ್ಯಾಟ್ ಮಾಡುವಾಗ ‘ಕ್ವಿಕ್ ಫಾರ್ಮ್ಯಾಟ್’ ಎಂಬ ಟಿಕ್ ಗುರುತು ತೆಗೆದು ಪ್ರತಿ ಪಾರ್ಟಿಶನ್ನನ್ನೂ ಪೂರ್ತಿ ಫಾರ್ಮ್ಯಾಟ್ ಮಾಡಿ. 500 ಜಿಬಿಗೆ ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಚ್ಚಿ ಮಲಗಿ.